ಎದೆಮಟ್ಟದ ಪ್ಲಗ್ಗುಗಳ ಮನೆ

ಮುಂಬಯಿಯ ಕಲೀನಾದಲ್ಲಿ ನಾವು ಕೊಂಡ ಮನೆಯಲ್ಲಿ ನೆಲದ ಹತ್ತಿರ ಒಂದೇ ಒಂದು ಪ್ಲಗ್ ಇರಲಿಲ್ಲ. ಫ್ರಿಜ್, ಟಿವಿ, ಇಸ್ತ್ರಿಪೆಟ್ಟಿಗೆ, ಮಂಚದ ಪಕ್ಕದ ದೀಪ ಎಲ್ಲದರ ವೈರೂ ನನ್ನ ಎದೆಯ ಎತ್ತರಕ್ಕೆ ಏರಿ ಗೋಡೆಗೆ ಸೇರಬೇಕು. ಕೆಳಗೆ, ಸಾಮಾನ್ಯವಾಗಿ ಪ್ಲಗ್ ಇರಬೇಕಾದ ಜಾಗದಲ್ಲಿ, ಬಣ್ಣದ ಅಡಿಯಿಂದ ಚೌಕಾಕಾರದ ತೇಪೆಗಳು ಕಾಣುತ್ತಿದ್ದವು. ಹಳೆಯ ಬೋರ್ಡುಗಳನ್ನು ಕಿತ್ತು, ಗಾರೆ ತುಂಬಿ, ಸುಣ್ಣ ಹೊಡೆದಿದ್ದರು. ಯಾರೋ ಖರ್ಚು ಮಾಡಿ, ಬೇಕೆಂದೇ ಮಾಡಿಸಿದ ಕೆಲಸ.

ನಮ್ಮವರು ಮೊದಲು ನೋಡಿದಾಗ, ಮನೆಯಲ್ಲಿ ಚಿಕ್ಕ ಮಗು ಇದ್ದಿರಬೇಕು ಎಂದರು. ಮಗು ದೊಡ್ಡದಾಗುತ್ತದಲ್ಲ, ಅದಕ್ಕಾಗಿ ಯಾರು ಇಡೀ ಮನೆಯ ವೈರಿಂಗ್ ಬದಲಿಸುತ್ತಾರೆ ಎಂದು ನಾನು ಕೇಳಿದೆ. ಅಲ್ಲಿಂದ ಶುರುವಾಯಿತು.

ಮನೆ ನೆಲಮಹಡಿಯದು, ಎಂಬತ್ತರ ದಶಕದ ಆರಂಭದ ಕಟ್ಟಡ. ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣದಿಂದ ನಡೆದು ಬರುವಷ್ಟು ಹತ್ತಿರ. ಹಿಂದಿನ ಯಜಮಾನರು ತೀರಿಕೊಂಡಿದ್ದರು, ಅವರ ಪತ್ನಿ ಅದಕ್ಕೂ ಮೊದಲೇ. ಮಗ ವಿದೇಶದಲ್ಲಿ, ವ್ಯವಹಾರವೆಲ್ಲ ಅಧಿಕಾರಪತ್ರದ ಮೇಲೆ ನಡೆಯಿತು. ಒಮ್ಮೆ ಫೋನಿನಲ್ಲಿ ಕೇಳಿದಾಗ, ತಾನು ಆ ಮನೆ ಬಿಟ್ಟದ್ದೇ ಕಾಲೇಜು ಮುಗಿಯುತ್ತಿದ್ದಂತೆ, ಅಪ್ಪ ಆಮೇಲೆ ಏನೇನು ಮಾಡಿಸಿದರೋ ತನಗೆ ತಿಳಿಯದು ಎಂದುಬಿಟ್ಟ. ದಲ್ಲಾಳಿಗಂತೂ ಚದರ ಅಡಿಯ ದರ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಕಟ್ಟಡದ ಸೊಸೈಟಿಯ ನಿರಾಕ್ಷೇಪಣಾ ಪತ್ರ, ಸ್ಟ್ಯಾಂಪ್ ಡ್ಯೂಟಿ, ನೋಂದಣಿ, ಬ್ಯಾಂಕಿನ ಸಾಲ ಎಲ್ಲರಿಗೂ ಗೊತ್ತಿರುವ ಕಥೆ, ಬಿಡಿ.

ಕೀಲಿ ಕೈಗೆ ಬಂದ ಮೇಲೆ ಪ್ಲಗ್ಗುಗಳು ಒಂದೇ ಅಲ್ಲ, ಮನೆಯೇ ಒಂದು ಒಗಟು ಎಂದು ಗೊತ್ತಾಯಿತು. ಹೊರಗಿನ ಪ್ಯಾಸೇಜಿಗಿಂತ ಹಾಲಿನ ನೆಲ ಒಂದು ಗೇಣು ಎತ್ತರದಲ್ಲಿತ್ತು. ಬಾಗಿಲು ಮಾತ್ರ ಹಳೆಯದೇ. ಅಡಿಯನ್ನು ಕತ್ತರಿಸಿ ಗಿಡ್ಡ ಮಾಡಿದ್ದರಿಂದ ಚಿಲಕ ತೊಡೆಯ ಹತ್ತಿರಕ್ಕೆ ಇಳಿದಿತ್ತು, ಕೀಲಿ ಹಾಕಲು ಬಗ್ಗಬೇಕು. ಕಿಟಕಿಗಳೂ ಹಾಗೆಯೇ ತಗ್ಗಿದಂತೆ ಕಾಣುತ್ತಿದ್ದವು. ನಮ್ಮ ಮಗ ಅಂಗಿ ತೊಡಲು ಕೈ ಎತ್ತಿದರೆ ಫ್ಯಾನಿನ ಅಲಗಿಗೆ ತಗಲುವಂತಿತ್ತು. ಶೌಚಾಲಯದ ಸೀಟಿಗೆ ಮೂರು ಮೆಟ್ಟಿಲು ಹತ್ತಬೇಕು, ಸಿಂಹಾಸನಕ್ಕೆ ಹತ್ತಿದ ಹಾಗೆ. ಬಚ್ಚಲಿನ ನಹಾಣಿ ಟ್ರ್ಯಾಪಿನ, ಅಂದರೆ ನೀರು ಹರಿದುಹೋಗುವ ತೂಬಿನ, ಬಾಯಿಗೆ ತಿರುಪಿರುವ ಹಿತ್ತಾಳೆಯ ಮುಚ್ಚಳ, ಅದು ಕಳೆಯದಂತೆ ಗೋಡೆಯ ಕೊಂಡಿಗೆ ಸರಪಳಿ. ಮುಂಬಾಗಿಲಿನ ಚೌಕಟ್ಟಿನ ಹೊರಮುಖಕ್ಕೆ, ಎಡಕ್ಕೊಂದು ಬಲಕ್ಕೊಂದು, ಅಲ್ಯೂಮಿನಿಯಂ ಚಾನೆಲ್. ಹೊಸ್ತಿಲಿನಿಂದ ಎದ್ದು ತೊಡೆಯವರೆಗೆ ಬಂದು ಸುಮ್ಮನೆ ನಿಂತಿತ್ತು. ಜಾರು ಬಾಗಿಲಿಗೆ ಎನ್ನೋಣವೆಂದರೆ ಮೇಲೆ ಏನೂ ಇಲ್ಲ. ಪಕ್ಕದ ಮನೆಗೆ ಅಂಟಿಕೊಂಡ ಹಾಲಿನ ಗೋಡೆಯಲ್ಲಿ ಒಂದು ಪುಟ್ಟ ಮರದ ಕಿಟಕಿ. ತೆರೆದರೆ ಹಿಂದೆ ಇಟ್ಟಿಗೆ. ಎಂಟು ಸ್ವಿಚ್ಚುಗಳ ಬೋರ್ಡಿನಲ್ಲಿ ಒಂದರ ಮೇಲೆ ಕಪ್ಪು ಟೇಪು ಸುತ್ತಿ, ಮುಟ್ಟಬೇಡಿ ಎಂದು ಮರಾಠಿಯಲ್ಲಿ ಬರೆದ ಚೀಟಿ. ಹಿಂಬದಿಯಲ್ಲಿ, ನಕ್ಷೆಯಲ್ಲಿಲ್ಲದ ಒಂದು ಕೋಣೆ.

ಗುತ್ತಿಗೆದಾರ ಒಂದು ಸುತ್ತು ಹಾಕಿ ತೀರ್ಪು ಕೊಟ್ಟ: "ತಲೆ ಕೆಟ್ಟವರು ಮಾಡಿಸಿದ್ದು ಮೇಡಂ, ಎಲ್ಲ ಒಡೆದು ಹಾಕೋಣ." ಮುಂಬಯಿಯ ಗುತ್ತಿಗೆದಾರರು ತಮಗಿಂತ ಮೊದಲು ಅಲ್ಲಿ ಕೆಲಸ ಮಾಡಿದವರ ಬಗ್ಗೆ ಬೇರೆ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಒಡೆಯುವುದಕ್ಕೆ ಅವನಿಗೆ ಹಣ, ಕಟ್ಟುವುದಕ್ಕೂ ಹಣ. ನನಗೆ ಮಾತ್ರ ಹಿಂದಿನ ಯಜಮಾನರಿಗೆ ತಲೆ ಕೆಟ್ಟಿತ್ತೆಂದು ಅನ್ನಿಸಲಿಲ್ಲ. ಹಿತ್ತಾಳೆಯ ಮುಚ್ಚಳಕ್ಕೆ ಸರಪಳಿ ಹಾಕುವ ಮನುಷ್ಯ ತೀರಾ ಲೆಕ್ಕಾಚಾರದವನು.

ಸುಳಿವು ಮೊದಲು ಸಿಕ್ಕಿದ್ದು ಮಲಗುವ ಕೋಣೆಯ ಗೋಡೆ ಕಪಾಟಿನಲ್ಲಿ. ಬಣ್ಣ ಕೆರೆಯುತ್ತಿದ್ದ ಹುಡುಗ ಕರೆದು ತೋರಿಸಿದ. ಕಪಾಟಿನ ಮೇಲಿನ ಭಾಗ ಹಳೆಯ ಸಾಗುವಾನಿ, ಎಳೆ ಎಳೆಯಾಗಿ ಕಾಣುವ ಒಳ್ಳೆಯ ಮರ. ಕೆಳಗಿನ ಭಾಗ ಅಗ್ಗದ ಪ್ಲೈವುಡ್. ಎರಡೂ ಸೇರುವ ಜಾಗದಲ್ಲಿ ನೇರ ಗೆರೆ. ನಾನು ಟೇಪು ಹಿಡಿದು ಅಳೆದು, ಪಕ್ಕದ ಕೋಣೆಯ ಬಾಗಿಲಿನ ಚೌಕಟ್ಟು ಕೆರೆಸಿದೆ. ಅಲ್ಲೂ ಬಣ್ಣದ ಅಡಿಯಲ್ಲಿ ಬೆಸುಗೆ, ಅದೇ ಎತ್ತರದಲ್ಲಿ. ಅಡಿಗೆಮನೆಯ ಬಾಗಿಲಿನಲ್ಲೂ ಅದೇ. ಮನೆಯ ಎಲ್ಲ ಮರವನ್ನೂ ಒಂದೇ ಮಟ್ಟದಿಂದ ಕೆಳಗೆ ಕತ್ತರಿಸಿ ಹೊಸದು ಜೋಡಿಸಿದ್ದರು. ಪ್ಲಗ್ಗುಗಳೆಲ್ಲ ಆ ಗೆರೆಗಿಂತ ಒಂದು ಕೈ ಮೇಲೆ. ಆ ಗೆರೆ ಏನೆಂದು ಹೇಳಲು ಆಮೇಲೆ ಯಾರೂ ಬೇಕಿರಲಿಲ್ಲ. ಆದರೂ ಖಚಿತಪಡಿಸಿಕೊಳ್ಳಲು ಎರಡನೆಯ ಮಹಡಿಗೆ ಹೋದೆ.

ಅಲ್ಲಿರುವ ಹಿರಿಯರು ಉಡುಪಿ ಕಡೆಯವರು. ಹುಡುಗನಾಗಿ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಸ್ವಂತ ಕ್ಯಾಂಟೀನ್ ನಡೆಸಿದವರು. ಕಟ್ಟಡದಲ್ಲಿ ಕನ್ನಡ ಮಾತನಾಡುವವರು ನಾವಿಬ್ಬರೇ ಕುಟುಂಬ. ಬಂದ ವಾರದಲ್ಲೇ ಅವರು ನನಗೆ ಮಾಮ ಆಗಿದ್ದರು.

"ಮಾಮ, ನಮ್ಮ ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?"

"ಯಾವಾಗಿನದು ಕೇಳುತ್ತೀ? ಛಬ್ಬೀಸ್ ಜುಲೈಯದಾ?" ಎಂದು ಅವರು ತಮ್ಮ ಸೊಂಟ ಮುಟ್ಟಿ ತೋರಿಸಿದರು. "ಇಲ್ಲಿಯವರೆಗೆ. ಅವರಿಬ್ಬರೂ ಎರಡು ರಾತ್ರಿ ನಮ್ಮ ಮನೆಯಲ್ಲೇ ಇದ್ದರು. ಅವರ ಗೋದ್ರೆಜ್ ಕಪಾಟು ತೇಲಿ ಬಾಗಿಲಿಗೆ ಅಡ್ಡ ಬಿದ್ದಿತ್ತು, ಬಾಗಿಲು ತೆರೆಯಲು ನಾಲ್ಕು ಜನ ಬೇಕಾಯಿತು."

2005ರ ಜುಲೈ 26. ಮುಂಬಯಿಯವರಿಗೆ ಇಸವಿ ಹೇಳಬೇಕಾಗಿಲ್ಲ. ಅಂದಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಹೊತ್ತಿಗೆ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ದಕ್ಷಿಣ ಮುಂಬಯಿಯ ಕಚೇರಿಗಳಲ್ಲಿ ಕೂತವರಿಗೆ ಉಪನಗರ ಮುಳುಗುತ್ತಿದೆ ಎಂಬುದೇ ತಿಳಿಯಲಿಲ್ಲ. ವಿಹಾರ್ ಮತ್ತು ಪವಾಯಿ ಕೆರೆಗಳ ಕಡೆಯಿಂದ ಬಂದು ಮಾಹೀಮ್ ಖಾರಿಗೆ, ಅಂದರೆ ಒಳನಾಡಿಗೆ ಚಾಚಿದ ಕಡಲಿನ ತೋಳಿಗೆ, ಸೇರುವ ಮೀಠಿ ನದಿ ಉಕ್ಕಿತು. ಅದಕ್ಕೆ ಸೇರಬೇಕಾದ ವಾಕೋಲಾ ನಾಲೆಗೆ ಜಾಗ ಸಿಗದೆ ನೀರು ಹಿಂದಕ್ಕೆ ತಿರುಗಿತು. ಕುರ್ಲಾ, ಕಲೀನಾ ಎರಡೂ ಆ ನೀರಿನ ದಾರಿಯಲ್ಲಿವೆ. ನಗರದ ಹಳೆಯ ಮಳೆನೀರಿನ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ, ಅದೂ ಸಮುದ್ರ ಇಳಿತದಲ್ಲಿದ್ದಾಗ ಹರಿಯುವಂತೆ ಕಟ್ಟಿದವು. ಅದನ್ನು 50ಕ್ಕೆ ಏರಿಸಬೇಕೆಂದು, ಈ ಚರಂಡಿಗಳ ಸುಧಾರಣೆಗೆಂದೇ ತಯಾರಾದ 1993ರ ಬ್ರಿಮ್‌ಸ್ಟೋವಾಡ್ ವರದಿ ಹೇಳಿತ್ತು. ವರದಿ ಬಂದು ಹನ್ನೆರಡು ವರ್ಷಕ್ಕೆ ಬಂದದ್ದು ಆ ಮಳೆ.

ಇದಾದ ಮೇಲೆ ಮನೆ ತಾನಾಗಿಯೇ ಬಿಡಿಸಿಕೊಳ್ಳತೊಡಗಿತು. ಹಾಲಿನ ಮೂಲೆಯಲ್ಲಿ ಒಂದು ಟೈಲ್ಸ್ ಎಬ್ಬಿಸಿ ನೋಡಿದೆವು: ಹೊಳೆಯುವ ವಿಟ್ರಿಫೈಡ್, ಅದರಡಿ ಸಿಮೆಂಟು, ಅದರಡಿ ಇಟ್ಟಿಗೆ ಚೂರಿನ ಕೋಬಾ, ಎಲ್ಲಕ್ಕಿಂತ ಕೆಳಗೆ ಕಟ್ಟಡ ಎದ್ದಾಗಿನ ಮೊಸಾಯಿಕ್, ಹಸಿರು ಮತ್ತು ಕಪ್ಪು ಚುಕ್ಕಿಗಳದು, ಒಂದು ಬಿರುಕೂ ಇಲ್ಲದ್ದು. ಹೊಸ ನೆಲಕ್ಕಿಂತ ಎಷ್ಟೋ ಚೆನ್ನಾಗಿತ್ತು. ನನಗೆ ಹೊಟ್ಟೆ ಉರಿಯಿತು. ಎಲ್ಲ ತೆಗೆದು ಹಳೆಯ ನೆಲವನ್ನೇ ಪಾಲಿಶ್ ಮಾಡಿಸೋಣವೆಂದು ಎಂಜಿನಿಯರನ್ನು ಕೇಳಿದೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಪಾಲಿಕೆ ಕಾಯ್ದೆಯ 353ಬಿ ಕಲಮಿನಂತೆ ರಚನಾ ತಪಾಸಣೆ ಕಡ್ಡಾಯವಾದ್ದರಿಂದ ಸೊಸೈಟಿಗೆ ಒಬ್ಬರು ಎಂಜಿನಿಯರ್ ಆಗಲೇ ಬರುತ್ತಿದ್ದರು. ಮೇಲಿನ ಮಹಡಿಯಲ್ಲಿ ಯಾರಾದರೂ ಹೀಗೆ ಒಂದು ಗೇಣು ತುಂಬಿಸಿದ್ದರೆ ಸ್ಲ್ಯಾಬಿನ ಮೇಲೆ ಹೊರಲಾಗದ ಭಾರ ಬೀಳುತ್ತಿತ್ತು, ನೆಲಮಹಡಿಯಲ್ಲಿ ಭಾರ ಮಣ್ಣಿಗೆ ಹೋಗುತ್ತದೆ, ಚಿಂತೆಯಿಲ್ಲ ಎಂದರು ಅವರು. ಆಮೇಲೆ, "ಆದರೆ ತೆಗೆಯುವ ಮೊದಲು ಜುಲೈಯಲ್ಲಿ ಒಮ್ಮೆ ಗೇಟಿನ ಹತ್ತಿರ ನಿಂತು ನೋಡಿ" ಎಂದರು. ನೋಡಿದೆವು. ಜೋರು ಮಳೆಯ ಒಂದು ಮಧ್ಯಾಹ್ನ ನೀರು ಪ್ಯಾಸೇಜಿಗೆ ಬಂದು, ನಮ್ಮ ಹೊಸ್ತಿಲಿಗಿಂತ ನಾಲ್ಕು ಬೆರಳು ಕೆಳಗೆ ನಿಂತು ಹೋಯಿತು. ಎದುರು ಮನೆಯವರು ಬಾಗಿಲ ಕೆಳಗೆ ಗೋಣಿಚೀಲ ತುರುಕುತ್ತಿದ್ದರು. ನೆಲ ಹಾಗೆಯೇ ಉಳಿಯಿತು. ಹಸಿರು ಮೊಸಾಯಿಕ್ಕಿನ ಆಸೆ ಬಿಟ್ಟೆ.

ಬಾಗಿಲಿನ ಚಾನೆಲ್ಲಿನ ಉತ್ತರ ಅಟ್ಟದ ಮೇಲಿತ್ತು. ತುಕ್ಕು ಹಿಡಿದ ಟ್ರಂಕಿನ ಹಿಂದೆ ಮೂರು ಹಲಗೆಗಳು, ಒಂದರ ಮೇಲೊಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದವು. ಪ್ರತಿಯೊಂದರ ಮೂಲೆಯಲ್ಲೂ ಕೆಂಪು ಬಣ್ಣದಲ್ಲಿ ಅಂಕೆ: ೧, ೨, ೩. ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದ್ದರು. ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ಮೊದಲನೆಯದನ್ನು ಚಾನೆಲ್ಲಿಗೆ ಇಳಿಸಿದೆವು, ಸರಸರನೆ ಜಾರಿ ಹೊಸ್ತಿಲಿನ ಮೇಲೆ ಕೂತಿತು. ಎರಡನೆಯದು ಅದರ ಮೇಲೆ. ಮೂರನೆಯದಕ್ಕೆ ಸ್ವಲ್ಪ ಗುದ್ದಬೇಕಾಯಿತು, ಮರ ಉಬ್ಬಿತ್ತು. ತೊಡೆಯೆತ್ತರದ ಒಂದು ಅಣೆಕಟ್ಟು ಸಿದ್ಧ. ನಮ್ಮೂರ ಕಡೆ ಹಳ್ಳಕ್ಕೆ ಬೇಸಿಗೆಯಲ್ಲಿ ಹೀಗೆಯೇ ಹಲಗೆ ಇಳಿಸಿ ತೋಟಕ್ಕೆ ನೀರು ನಿಲ್ಲಿಸುತ್ತಿದ್ದರು. ಇಲ್ಲಿ ನಿಲ್ಲಿಸಬೇಕಾದದ್ದು ಹೊರಗೆ, ಅಷ್ಟೇ ವ್ಯತ್ಯಾಸ.

ಮುಂಬಾಗಿಲು ಮುಚ್ಚಿದರೆ ಸಾಲದು ಎಂಬುದು ನೆಲಮಹಡಿಯಲ್ಲಿದ್ದವರಿಗೆ ಗೊತ್ತು. ಚರಂಡಿ ತುಂಬಿದಾಗ ನೀರು ಬಾಗಿಲಿನಿಂದ ಬರುವ ಮೊದಲೇ ಬಚ್ಚಲಿನಿಂದ ಬರುತ್ತದೆ, ಅದೂ ಎಂಥ ನೀರು ಎಂದು ಬರೆಯುವುದಿಲ್ಲ. ಹಿತ್ತಾಳೆಯ ತಿರುಪಿನ ಮುಚ್ಚಳ ಅದಕ್ಕೆ. ಸೀಟನ್ನು ಮೂರು ಮೆಟ್ಟಿಲು ಎತ್ತರಿಸಿದ್ದೂ ಅದಕ್ಕೇ. ಹೊರಗಿನ ಒಳಚರಂಡಿ ಗುಂಡಿಯ, ಅಂದರೆ ಚೇಂಬರಿನ, ಬಾಯಿಗಿಂತ ಸೀಟು ಎತ್ತರದಲ್ಲಿದ್ದರೆ ನೀರು ಮೊದಲು ಹೊರಗೇ ಉಕ್ಕುತ್ತದೆ. ಅತ್ತೆಗೆ ಮೊಣಕಾಲು ನೋವು. ಅವರ ಸಲುವಾಗಿ ಮೆಟ್ಟಿಲ ಪಕ್ಕ ಹಿಡಿಯಲು ಸ್ಟೀಲ್ ಸರಳು ಹಾಕಿಸಿ, ಸೀಟನ್ನು ಮುಟ್ಟದೆ ಬಿಟ್ಟೆವು.

ಎಲ್ಲವೂ ನೀರಿನದೇ ಕಥೆ ಎಂದು ನಾವು ತೀರ್ಮಾನಕ್ಕೆ ಬರುವಷ್ಟರಲ್ಲಿ ಮರದ ಪುಟ್ಟ ಕಿಟಕಿ ಆ ಲೆಕ್ಕ ಕೆಡಿಸಿತು. ಅದು ನೀರಿನ ಗೆರೆಗಿಂತ ಮೇಲಿತ್ತು, ಮರ ಹಳೆಯ ಸಾಗುವಾನಿ, ಅಂದರೆ 2005ಕ್ಕಿಂತ ಮುಂಚಿನದು. ಪಕ್ಕದ ಮನೆಯ ಬಾಡಿಗೆದಾರರಿಗೆ ತಮ್ಮ ಗೋಡೆಯಲ್ಲಿ ಅಂಥದ್ದೊಂದು ಇತ್ತು ಎಂಬುದೇ ತಿಳಿಯದು. ಮೊದಲ ಮಹಡಿಯ ಮಾವಶಿ, ಎರಡೂ ಮನೆಯ ಹೆಂಗಸರು ಪಲ್ಯ ಬದಲಾಯಿಸಿಕೊಳ್ಳಲು ಮಾಡಿಸಿದ್ದು ಎಂದರು. ಕಾವಲುಗಾರ, ಎರಡು ಮನೆಯೂ ಅಣ್ಣತಮ್ಮಂದಿರದು, ಜಗಳವಾಗಿ ಮುಚ್ಚಿಸಿದರು ಎಂದ. ಅವನು ಕೆಲಸಕ್ಕೆ ಸೇರಿದ್ದು ಮೊನ್ನೆ ಮೊನ್ನೆ. ಮಾಮ ನಕ್ಕುಬಿಟ್ಟರು. "ಫೋನಮ್ಮಾ ಅದು, ಫೋನು."

ಎಂಬತ್ತರ ದಶಕದಲ್ಲಿ ದೂರವಾಣಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಾಲಿನಲ್ಲಿ ನಿಂತ ಎಲ್ಲರಿಗೂ ಸಿಗುತ್ತಿರಲಿಲ್ಲ. ಗೋಡೆ ಹಂಚಿಕೊಂಡ ಈ ಎರಡು ಮನೆಗಳಲ್ಲಿ ಒಂದಕ್ಕೆ ಮೊದಲು ಬಂತು. ಪಕ್ಕದವರನ್ನು ಕರೆಯಲು ಪ್ರತಿ ಸಲ ಬಾಗಿಲು ತಟ್ಟಬೇಕಾಗುತ್ತದೆಂದು ಗೋಡೆಯನ್ನೇ ಕೊರೆದು ಎರಡೂ ಕಡೆ ಬಾಗಿಲು ಇಟ್ಟು ನಡುವೆ ಫೋನ್ ಇಟ್ಟರಂತೆ. ಬಿಲ್ಲು ಅರ್ಧ ಅರ್ಧ. ಊರಿಗೆ ಮಾತನಾಡಬೇಕಾದರೆ ಮಾಮನೂ ಕೆಳಗಿಳಿದು ಬರುತ್ತಿದ್ದರು. ಕಿಟಕಿಯ ಒಳಗಿನ ಹಲಗೆಯನ್ನು ನಾನು ಮತ್ತೆ ನೋಡಿದೆ. ಒಂದು ಬದಿಯಲ್ಲಿ ವೈರು ತೂರುವಷ್ಟು ಸಣ್ಣ ತೂತು, ಮರದ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಅಂಕೆಗಳು; ಒಂದರ ಪಕ್ಕದಲ್ಲಿ ಗ್ಯಾಸ್ ಎಂದು ಮರಾಠಿಯಲ್ಲಿ ಬರೆದಿತ್ತು. ಅದನ್ನು ಕೀಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಈಗ ಅಲ್ಲಿ ಇಂಟರ್‌ನೆಟ್‌ನ ಪೆಟ್ಟಿಗೆ ಕೂತಿದೆ.

ಟೇಪು ಸುತ್ತಿದ ಸ್ವಿಚ್ಚು ಮಾತ್ರ ತಮಾಷೆಯದ್ದಲ್ಲ. ಅದನ್ನು ಹಾಕಿದರೂ ತೆಗೆದರೂ ಮನೆಯಲ್ಲಿ ಏನೂ ಆಗುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿದಾಗ ಒಳಗೆ ಎಲ್ಲ ವೈರುಗಳೂ ಕೆಂಪು. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂದು ಬಣ್ಣ ನೋಡಿ ಹೇಳುವಂತಿಲ್ಲ. ಅವನು ಟೆಸ್ಟರ್ ಹಿಡಿದು, ಪೈಪಿನ ಜಾಡು ಹಿಡಿದು, ಗೋಡೆ ದಾಟಿ, ಪ್ಯಾಸೇಜು ದಾಟಿ ಮೆಟ್ಟಿಲಿನ ಕೆಳಗಿನ ಕತ್ತಲ ಮೂಲೆಗೆ ಹೋದ. ಅಲ್ಲಿ ಆ ವೈರಿನ ತುದಿ ಜೋತಾಡುತ್ತಿತ್ತು, ಬಾಯಿಗೆ ಒಂದು ಸುತ್ತು ಟೇಪು. ನಮ್ಮ ಮನೆಯ ಸ್ವಿಚ್ಚು ಹಾಕಿ ಟೆಸ್ಟರ್ ಇಟ್ಟ, ದೀಪ ಹೊತ್ತಿತು. ಪಕ್ಕದಲ್ಲೇ ಮಕ್ಕಳ ಸೈಕಲ್ಲುಗಳು.

ಅದು ನೀರೆತ್ತುವ ಪಂಪಿನ ಸ್ವಿಚ್ಚು. ಪಾಲಿಕೆಯ ನೀರು ಗೊತ್ತಾದ ಹೊತ್ತಿನಲ್ಲಷ್ಟೇ ಬರುತ್ತದೆ. ನೆಲದೊಳಗಿನ ಟಾಂಕಿ ತುಂಬಿದ ಮೇಲೆ ಪಂಪು ಹಾಕಿ ತಾರಸಿಯ ಟಾಂಕಿಗೆ ಏರಿಸಬೇಕು. ಆ ಕೆಲಸವನ್ನು ನೆಲಮಹಡಿಯ ಯಜಮಾನರು ಬೆಳಗಿನ ಜಾವ ಎದ್ದು ವರ್ಷಾನುಗಟ್ಟಲೆ ಮಾಡುತ್ತಿದ್ದರಂತೆ. ಮುಂದೆ ತಾನಾಗಿಯೇ ನಡೆಯುವ ಫ್ಲೋಟ್ ಸ್ವಿಚ್ಚು ಬಂದಾಗ ಪಂಪಿನ ಕಡೆಯ ವೈರನ್ನು ಕತ್ತರಿಸಿದರೇ ಹೊರತು, ಮನೆಯ ಕಡೆಯದನ್ನು ಯಾರೂ ಬಿಚ್ಚಲಿಲ್ಲ. ಮುಟ್ಟಬೇಡಿ ಎಂಬ ಚೀಟಿಯೇ ಪರಿಹಾರವಾಯಿತು. ಆ ಲೆಕ್ಕಾಚಾರದ ಮನುಷ್ಯ ಇದೊಂದನ್ನು ಹೇಗೆ ಬಿಟ್ಟರೋ. ನಾವು ಅಂದೇ ಆ ವೈರನ್ನು ಬುಡದಿಂದ ಕೀಳಿಸಿ, ಪಿಂಗಾಣಿಯ ಹಳೆಯ ಫ್ಯೂಸುಗಳನ್ನು ತೆಗೆಸಿ, ಕರೆಂಟು ಸೋರಿದರೆ ತಾನಾಗಿಯೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ವೈರಿಂಗ್ ಎಲ್ಲ ಹೊಸದು. ಪ್ಲಗ್ಗುಗಳು ಮಾತ್ರ ಎದೆಮಟ್ಟದಲ್ಲೇ ಇವೆ. ಅಂದಕ್ಕೆ ಕೆಟ್ಟದು, ನಿಜ. ಮೊಬೈಲ್ ಚಾರ್ಜಿಗೆ ಹಾಕಿದರೆ ಗೋಡೆಯಿಂದ ನೇತಾಡುತ್ತದೆ.

ಇನ್ನು ಹಿಂದಿನ ಕೋಣೆ. ಮುಂಬಯಿಯಲ್ಲಿ ಬಾಲ್ಕನಿಯನ್ನು ಬಾಲ್ಕನಿಯಾಗಿಯೇ ಉಳಿಸಿಕೊಂಡವರು ಅಪರೂಪ. ಬಾಲ್ಕನಿ, ಹೂಗಿಡದ ಕಟ್ಟೆ ಇವೆಲ್ಲ ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬ ಎಫ್‌ಎಸ್‌ಐ ಲೆಕ್ಕಕ್ಕೆ ಬಾರದಿದ್ದ ಕಾಲದಲ್ಲಿ ಬಿಲ್ಡರುಗಳು ಅವನ್ನು ಧಾರಾಳವಾಗಿ ಕೊಟ್ಟರು, ಕೊಂಡವರು ಕೋಣೆಯೊಳಕ್ಕೆ ಸೇರಿಸಿಕೊಂಡರು. 2012ರಲ್ಲಿ ಪಾಲಿಕೆ ಅವನ್ನೆಲ್ಲ ಲೆಕ್ಕಕ್ಕೆ ತಂದು, ಬದಲಿಗೆ ವಸತಿ ಕಟ್ಟಡಗಳಿಗೆ ಹೇಗೆ ಬೇಕಾದರೂ ಬಳಸಿಕೊಳ್ಳಬಹುದಾದ ಶೇ. 35ರ ಹೆಚ್ಚುವರಿ, ಅಂದರೆ ಫಂಜಿಬಲ್, ಎಫ್‌ಎಸ್‌ಐ ಕೊಟ್ಟಿತು. ಆದರೆ ನಮ್ಮ ಹಿಂದಿನ ಕೋಣೆ ಬಾಲ್ಕನಿಯಲ್ಲ. ಮಂಜೂರಾದ ನಕ್ಷೆಯಲ್ಲಿ ಅದು ಕಟ್ಟಡದ ಸುತ್ತ ಬಿಡಲೇಬೇಕಾದ ಖಾಲಿ ಜಾಗ. ಬ್ಯಾಂಕಿನ ಮೌಲ್ಯಮಾಪಕರು ಅದನ್ನು ಬಿಟ್ಟೇ ಬೆಲೆ ಕಟ್ಟಿದ್ದರು. ನಾವೂ ಅದಕ್ಕೆ ಹಣ ಕೊಟ್ಟಿರಲಿಲ್ಲ. ನಮ್ಮವರಿಗೆ ಅದನ್ನು ಪುಸ್ತಕದ ಕೋಣೆ ಮಾಡಿಕೊಳ್ಳುವ ಆಸೆ. "ಎಲ್ಲರೂ ಮಾಡಿಕೊಂಡಿದ್ದಾರಲ್ಲ" ಎಂದರು. ನಮ್ಮದಲ್ಲದ ಜಾಗದಲ್ಲಿ ಪುಸ್ತಕ ಇಟ್ಟು ಓದುವುದು ನನಗೆ ಒಗ್ಗದು ಎಂದೆ. ಮನೆಯಲ್ಲಿ ಕೆಲವು ದಿನ ಮಾತು ಕಡಿಮೆಯಿತ್ತು.

ಕೋಣೆ ಕೆಡವಿದೆವು. ನೆಲ ಒಡೆಯುತ್ತಿದ್ದಂತೆ ಆಳಿನ ಹಾರೆ ಠಣ್ ಎಂದಿತು: ಎರಕದ ಕಬ್ಬಿಣದ ಮುಚ್ಚಳ. ಎತ್ತಿದರೆ ಕಟ್ಟಡದ ಒಳಚರಂಡಿಯ ಚೇಂಬರು, ಹೂಳು ಗಟ್ಟಿಯಾಗಿ ಅಂಚಿನವರೆಗೆ ತುಂಬಿತ್ತು. ಮೇಲಿನ ಎಲ್ಲ ಮಹಡಿಗಳ ಕೊಳೆನೀರು ಆ ಒಂದು ಚೇಂಬರಿನ ಮೂಲಕ ರಸ್ತೆಯ ಕೊಳವೆಗೆ ಹೋಗಬೇಕು. ಕೋಣೆ ಕಟ್ಟಿದಾಗ ಅದರ ಮೇಲೆ ಟೈಲ್ಸ್ ಹಾಕಿದ್ದರು. ಅಂದಿನಿಂದ ಅದನ್ನು ತೆರೆದವರಿಲ್ಲ, ತೊಳೆದವರಿಲ್ಲ. ಸೀಟು ಎತ್ತರಿಸಿ, ಹಿತ್ತಾಳೆಯ ಮುಚ್ಚಳಕ್ಕೆ ಸರಪಳಿ ಹಾಕಿ ಅವರು ತಡೆಯುತ್ತಿದ್ದ ನೀರಿನಲ್ಲಿ ಎಷ್ಟು ಪಾಲು ಮೀಠಿ ನದಿಯದು, ಎಷ್ಟು ಪಾಲು ಈ ಕೋಣೆಯದು? ಎಂಜಿನಿಯರನ್ನು ಕೇಳಿದೆ. ಛಬ್ಬೀಸ್ ಜುಲೈಯದು ನದಿಯದೇ, ಆದರೆ ಪ್ರತಿ ಮಳೆಗಾಲದ ಸಣ್ಣ ಪುಟ್ಟ ಉಕ್ಕುವಿಕೆ ಇದರದೇ ಇರಬೇಕು ಎಂದರು. ಹೂಳು ತೆಗೆಸಿದ ಮೇಲೆ ಬಂದ ಮಳೆಗಾಲದಲ್ಲಿ ಎದುರು ಮನೆಯವರಿಗೆ ಗೋಣಿಚೀಲ ಬೇಕಾಗಲಿಲ್ಲ.

ಖರ್ಚು ಯಾರದು ಎಂಬ ಪ್ರಶ್ನೆ ಸೊಸೈಟಿಯ ಸರ್ವಸಾಧಾರಣ ಸಭೆಗೆ ಬಂತು. ಮನೆ ಕೊಂಡವರು ಅದರ ದೋಷವನ್ನೂ ಕೊಂಡಂತೆ ಎಂದು ಖಜಾಂಚಿ ವಾದಿಸಿದರು. ಚೇಂಬರು ಸೊಸೈಟಿಯ ಆಸ್ತಿ, ಅದನ್ನು ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸುವ ಹೊಣೆ ಸಮಿತಿಯದು, ಇಷ್ಟು ವರ್ಷ ಅದು ಎಲ್ಲಿದೆಯೆಂದೇ ನೀವು ಕೇಳಲಿಲ್ಲವಲ್ಲ ಎಂದು ನಾನು ನಕ್ಷೆ ಬಿಡಿಸಿ ಮೇಜಿನ ಮೇಲಿಟ್ಟೆ. ಆ ಕೋಣೆಗೆ ಒಪ್ಪಿಗೆ ಕೊಟ್ಟವರು ಯಾರು ಎಂದು ಮೂರನೆಯ ಮಹಡಿಯವರು ಹಳೆಯ ನಡಾವಳಿ ಪುಸ್ತಕ ತೆಗೆಸಿದರು. ಕಾರ್ಯದರ್ಶಿಯ ಸಹಿ ಇದ್ದ ಕಡೆ ಬೆರಳಿಟ್ಟು ಮಾಮನ ಕಡೆ ನೋಡಿದರು.

"ಹೌದು, ನನ್ನದೇ" ಎಂದರು ಮಾಮ, ಒಂದಿಷ್ಟೂ ಅಳುಕದೆ. "ಸೈಕಲ್ ನೆನೆಯುತ್ತದೆ ಎಂದಿದ್ದರು. ತಗಡಿನ ಮಾಡು ಹಾಕಲಿಕ್ಕೆ ಒಪ್ಪಿದ್ದು. ಗೋಡೆ ಯಾವಾಗ ಎದ್ದಿತೋ, ನಾನು ಊರಿಗೆ ಹೋಗಿದ್ದೆ."

ಕೋಣೆ ಕೆಡವಿದ್ದು ನಮ್ಮ ಖರ್ಚು, ಚೇಂಬರು ಮತ್ತು ಕೊಳವೆ ಸೊಸೈಟಿಯ ಖರ್ಚು ಎಂದು ಒಪ್ಪಂದವಾಯಿತು. ಹಲಗೆಗಳಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸಿ, ಉಬ್ಬಿದ ಮೂರನೆಯದನ್ನು ಕೊಂಚ ಹೆರೆದು ಕೊಡಲು ಬಡಗಿಗೆ ಹೇಳಿದ್ದೇವೆ. ಜೂನ್ ಒಳಗೆ ಖಂಡಿತ ಬರುತ್ತೇನೆ ಎಂದಿದ್ದಾನೆ. ಯಾವ ಜೂನ್ ಎಂದು ಹೇಳಿಲ್ಲ.